ಅರ್ಧ ಟ್ಯಾಂಕಿನ ಕೆಳಗೆ ಇಳಿಯದ ಮುಳ್ಳು

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕದ ಪ್ರಮಾಣ ಮಾತ್ರ ಅವರದ್ದೇ.

ಗಂಡ ಹೆಂಡತಿ ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತಾಗ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಗಂಡನಿಗೆ ನಲವತ್ತರ ಆಸುಪಾಸು, ಆಕೆ ಎರಡು ಮೂರು ವರ್ಷ ಚಿಕ್ಕವರು. ಇಬ್ಬರಿಗೂ ಕೆಲಸವಿದೆ, ಇಬ್ಬರು ಮಕ್ಕಳು. ಮನೆಯಲ್ಲಿ ಹನ್ನೊಂದು ದಿನದಿಂದ ಮಾತಿಲ್ಲ. ಏನಾಯ್ತು ಎಂದು ಕೇಳಿದರೆ ಇಬ್ಬರದ್ದೂ ಒಂದೇ ಉತ್ತರ: "ಪೆಟ್ರೋಲ್ ರೇಟು."

ಬೆಳಿಗ್ಗೆ ಎದ್ದ ಕೂಡಲೇ ಅವರು ಫೋನಿನಲ್ಲಿ ರೇಟು ನೋಡುತ್ತಾರೆ. ಏರಿದ್ದರೆ ಆ ದಿನವೆಲ್ಲ ಸಿಡಿಮಿಡಿ. ಮಕ್ಕಳನ್ನು ಎಲ್ಲಿಗಾದರೂ ಬಿಟ್ಟು ಬರಬೇಕೆಂದರೂ "ಸುಮ್ನೆ ಓಡಾಡೋಕೆ ಪೆಟ್ರೋಲ್ ಏನು ನೀರಾ?" ಎನ್ನುತ್ತಾರೆ. ಈಗ ಅವರಿಗೆ ಹೊಳೆದ ಪರಿಹಾರ ಒಂದಿತ್ತು. ಮೂರು ವರ್ಷದ ಈ ಕಾರನ್ನು ಕೊಟ್ಟು, ಹೆಚ್ಚು ಮೈಲೇಜ್ ಕೊಡುವ ಹೊಸ ಕಾರು ತಗೊಳ್ಳುವುದು. ಆಕೆ ಬೇಡವೆಂದರು. ಅಲ್ಲಿಗೆ ಮಾತು ನಿಂತಿತು.

"ಉಳಿಸೋಕೆ ಅಂತ ಇಷ್ಟು ದೊಡ್ಡ ಸಾಲ ಮಾಡ್ತಾರಾ, ನೀವೇ ಹೇಳಿ," ಎಂದರು ಆಕೆ. ಅವರು ಏನೂ ಹೇಳದೆ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಂಚು ಮಾಸಿ ಮೆತ್ತಗಾಗಿತ್ತು. ಪ್ರತಿ ಸಲ ಹಾಕಿಸಿದ ಪೆಟ್ರೋಲಿನ ತಾರೀಕು, ಲೀಟರ್, ರೇಟು, ಓಡಿದ ಕಿಲೋಮೀಟರ್ ಎಲ್ಲ ಅದರಲ್ಲಿತ್ತು. ಮೂರು ವರ್ಷದಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಇಂಥ ಪುಸ್ತಕವನ್ನು ಜಿಪುಣತನ ಎಂದು ತಳ್ಳಿಹಾಕಬಾರದು. ಮನೆಯ ಬಗ್ಗೆ ಕಾಳಜಿ ಇರುವವರೇ ಹೀಗೆ ಬರೆಯುವುದು. ಅದನ್ನೇ ಅವರಿಗೂ ಹೇಳಿದೆ. ಕೂತ ಮೇಲೆ ಮೊದಲ ಸಲ ಅವರು ನನ್ನ ಮುಖ ನೋಡಿದರು.

ಅದರಲ್ಲಿ ಇಲ್ಲದ್ದನ್ನೂ ಕೇಳಿದೆ. ವಿಮೆ ಎಷ್ಟು? ಸಾಲದ ಬಡ್ಡಿ ಎಷ್ಟು? ಇವತ್ತು ಮಾರಿದರೆ ಕಾರಿಗೆ ಎಷ್ಟು ಬರುತ್ತೆ, ಹೋದ ವರ್ಷ ಎಷ್ಟು ಬರುತ್ತಿತ್ತು? ಅವರ ಹತ್ತಿರ ಉತ್ತರ ಇರಲಿಲ್ಲ. ಇದರಲ್ಲಿ ಅವರೊಬ್ಬರೇ ಅಲ್ಲ. ಜರ್ಮನಿಯ ಸಾವಿರಾರು ಕುಟುಂಬಗಳನ್ನು ಕೇಳಿ ನಡೆಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಜನ ಪೆಟ್ರೋಲ್ ಖರ್ಚನ್ನು ಹೆಚ್ಚು ಕಡಿಮೆ ಸರಿಯಾಗಿಯೇ ಹೇಳಿದ್ದರು. ಆದರೆ ಕಾರಿನ ಬೆಲೆ ಇಳಿಯುವುದು, ತೆರಿಗೆ, ವಿಮೆ, ರಿಪೇರಿ ಎಲ್ಲ ಸೇರಿಸಿದಾಗ ಒಟ್ಟು ಖರ್ಚಿನ ಅರ್ಧದಷ್ಟನ್ನು ಮಾತ್ರ ಊಹಿಸಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ಪೆಟ್ರೋಲಿನ ರೇಟು ರಸ್ತೆ ಬದಿಯಲ್ಲೇ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಮನೆ ಮುಂದೆ ನಿಂತ ಕಾರು ಇವತ್ತು ಎಷ್ಟು ಬೆಲೆ ಕಳಕೊಂಡಿತು ಎಂದು ಯಾರೂ ಬೋರ್ಡ್ ಹಾಕುವುದಿಲ್ಲವಲ್ಲ.

ಮುಂದಿನ ವಾರಕ್ಕೆ ಇಬ್ಬರೂ ಸೇರಿ ಒಂದೇ ಹಾಳೆಯಲ್ಲಿ ಲೆಕ್ಕ ಬರೆದು ತನ್ನಿ ಎಂದೆ. ಅವರು ಹೇಳಬೇಕು, ಆಕೆ ಬರೆಯಬೇಕು. ಲೆಕ್ಕ ಮುಖ್ಯವೇ. ಆದರೆ ಮಾತು ನಿಂತ ಮನೆಯಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುವುದು ಅದಕ್ಕಿಂತ ಮುಖ್ಯವಾಗಿತ್ತು.

ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಸಾಲದ ಕಂತನ್ನು ಪೂರ್ತಿ ಖರ್ಚು ಎಂದು ಬರೆಯಬೇಡಿ. ಕಂತಿನಲ್ಲಿ ಅಸಲೂ ಇರುತ್ತದೆ. ಅಸಲನ್ನೂ ಹಾಕಿ, ಕಾರಿನ ಬೆಲೆ ಇಳಿದದ್ದನ್ನೂ ಹಾಕಿದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗೆ. ಬಡ್ಡಿ ಬರೆಯಿರಿ, ಬೆಲೆ ಇಳಿದದ್ದು ಬರೆಯಿರಿ, ಸಾಕು.

ಅವರು ತಂದ ಹಾಳೆ ಹೀಗಿತ್ತು. ವರ್ಷಕ್ಕೆ ಕಾರಿಗೆ ಹೋಗುವ ಹಣವನ್ನು ನೂರು ಪಾಲು ಎಂದುಕೊಂಡರೆ, ಬೆಲೆ ಇಳಿದದ್ದೇ 40 ಪಾಲು. ಪೆಟ್ರೋಲ್ 24. ಬಡ್ಡಿ 12, ವಿಮೆ 11, ಪಾರ್ಕಿಂಗ್ 7, ಸರ್ವೀಸ್ ಮತ್ತು ಟೈರಿಗೆ 6. ಅಂದರೆ ಪೆಟ್ರೋಲ್ ರೇಟು ನೂರಕ್ಕೆ ಹತ್ತು ಏರಿದರೂ ಕಾರಿನ ಒಟ್ಟು ಖರ್ಚು ಏರುವುದು ನೂರಕ್ಕೆ ಎರಡೂವರೆಯಷ್ಟೂ ಇಲ್ಲ. ಆ ಅಷ್ಟಕ್ಕಾಗಿ ಈ ಮನೆಯಲ್ಲಿ ದಿನಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದ್ದರು.

ಹೊಸ ಕಾರಿನ ಮಾತನ್ನೂ ಅದೇ ಹಾಳೆಯ ಹಿಂದೆ ಬರೆದೆವು. ಅವರು ವರ್ಷಕ್ಕೆ ಓಡಿಸುವುದು 9,000 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಲೆಕ್ಕದಲ್ಲಿ 600 ಲೀಟರ್ ಬೇಕು. ಹೊಸ ಕಾರು 20 ಕೊಟ್ಟರೆ 450 ಲೀಟರ್ ಸಾಕು. ಉಳಿದದ್ದು 150 ಲೀಟರ್, ನೂರರಲ್ಲಿ 6 ಪಾಲು. ಆದರೆ ಕಾರಿನ ಬೆಲೆ ಎಲ್ಲಕ್ಕಿಂತ ಜೋರಾಗಿ ಇಳಿಯುವುದು ಮೊದಲ ವರ್ಷದಲ್ಲೇ. ಅವರು ನೋಡಿಟ್ಟಿದ್ದ ಕಾರಿಗೆ ಆ ಇಳಿತ ಈಗಿನದರ ಎರಡು ಪಟ್ಟು, ಅಂದರೆ 80 ಪಾಲು. 6 ಉಳಿಸಲು 40 ಹೆಚ್ಚಿಗೆ ಕಳೆಯಬೇಕು. ದೊಡ್ಡ ಸಾಲದ ಬಡ್ಡಿ ಬೇರೆ. ಆಕೆ ಪೆನ್ನು ಕೆಳಗಿಟ್ಟರು. "ನಾನು ಹೇಳ್ಲಿಲ್ವಾ" ಎನ್ನಬಹುದಿತ್ತು, ಅನ್ನಲಿಲ್ಲ. ಆ ಕ್ಷಣ ಆಕೆಯ ಮೇಲೆ ನನಗೆ ತುಂಬಾ ಗೌರವ ಬಂತು.

ಇನ್ನೊಂದು ಸಂಗತಿ ಆಕೆಯೇ ಹೇಳಿದರು. ಇವರು ಪೆಟ್ರೋಲ್ ಹಾಕಿಸಲು ಆರು ಕಿಲೋಮೀಟರ್ ದೂರದ ಬಂಕಿಗೇ ಹೋಗುತ್ತಾರೆ. ಅಲ್ಲಿ ನೂರಕ್ಕೆ ಎರಡರಷ್ಟು ಕಡಿಮೆ. ಪ್ರತಿ ಸಲ ಹಾಕಿಸುವುದು 20 ಲೀಟರ್, ಆದ್ದರಿಂದ ಉಳಿಯುವುದು 0.4 ಲೀಟರಿನ ದುಡ್ಡು. ಹೋಗಿ ಬರಲು ಉರಿಯುವುದು 0.8 ಲೀಟರ್. ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡು ಸಲ ಗುಣಿಸಿ ನೋಡಿದರು. ಕಿವಿ ಕೆಂಪಾಯಿತು.

ಇಲ್ಲಿಗೆ ಪ್ರಕರಣ ಮುಗಿಸಬಹುದಿತ್ತು. ಆದರೆ ಪುಸ್ತಕದಲ್ಲಿ ನನ್ನನ್ನು ಕಾಡಿದ್ದು ಬೇರೆ. ಪ್ರತಿ ಸಲವೂ 20 ಲೀಟರ್, ಹತ್ತೊಂಬತ್ತಿಲ್ಲ, ಮೂವತ್ತಿಲ್ಲ. ಟ್ಯಾಂಕ್ ಎಷ್ಟರದ್ದು ಎಂದೆ. ನಲವತ್ತು. ಅರ್ಧಕ್ಕಿಂತ ಕೆಳಗೆ ಮುಳ್ಳು ಇಳಿಯಲು ಬಿಡುವುದೇ ಇಲ್ವಾ ಎಂದೆ. ತುಂಬಾ ಹೊತ್ತು ಸುಮ್ಮನಿದ್ದರು.

ಹುಡುಗನಾಗಿದ್ದಾಗ ಒಂದು ರಾತ್ರಿ ಅವರ ತಂದೆಗೆ ಎದೆನೋವು ಬಂದಿತ್ತು. ಮನೆಯಲ್ಲಿ ಗಾಡಿ ಇಲ್ಲ. ಅಮ್ಮ ಇವರನ್ನು ಓಡಿಸಿದರು. ಮೂರು ಮನೆಯ ಬಾಗಿಲು ತಟ್ಟಿದರು. ಒಂದರಲ್ಲಿ ದೀಪ ಹತ್ತಿತು, ಆರಿತು, ಬಾಗಿಲು ತೆರೆಯಲಿಲ್ಲ. ಇನ್ನೊಂದರಲ್ಲಿ ಗಾಡಿಗೆ ಪೆಟ್ರೋಲ್ ಇಲ್ಲ ಎಂದರು. ತಂದೆ ಬದುಕಿದರು, ಆದರೆ ಆ ದೀಪ ಆರಿದ್ದು ಇವರ ಮನಸ್ಸಿನಿಂದ ಹೋಗಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆಕೆಗೂ ಇದು ಗೊತ್ತಿರಲಿಲ್ಲ. ಮಧ್ಯದ ಖಾಲಿ ಕುರ್ಚಿಗೆ ಆಕೆ ಬಂದು ಕೂತರು.

ರೇಟು ಏರಿದಾಗ ಅವರಿಗೆ ಕಾಣುತ್ತಿದ್ದದ್ದು ಬರೀ ದುಡ್ಡಲ್ಲ. ಈ ಕಾರನ್ನು ಉಳಿಸಿಕೊಳ್ಳಲು ಆಗದೇ ಹೋದರೆ ಮತ್ತೆ ಆ ಬಾಗಿಲುಗಳ ಮುಂದೆ ನಿಲ್ಲಬೇಕಾಗುತ್ತದೆ ಎಂಬ ದಿಗಿಲು. ಹಾಗಿರುವಾಗ "ಕಾರು ಮಾರಿಬಿಡಿ, ಬಾಡಿಗೆ ಗಾಡಿ ಅಗ್ಗ" ಎಂದು ನಾನು ಹೇಳುವುದು ತಪ್ಪಾಗುತ್ತಿತ್ತು. ಲೆಕ್ಕಕ್ಕೆ ಅದು ಸರಿಯೇ ಇರಬಹುದು. ವರ್ಷದ 8,760 ಗಂಟೆಯಲ್ಲಿ ಅವರ ಕಾರು ಓಡುವುದು 360 ಗಂಟೆ, ಉಳಿದ ಹೊತ್ತೆಲ್ಲ ನಿಂತೇ ಇರುತ್ತದೆ. ಆದರೆ ನಿಂತ ಕಾರೇ ಅವರಿಗೆ ನಿದ್ದೆ ಕೊಡುತ್ತಿತ್ತು. ಅದಕ್ಕೂ ಒಂದು ಬೆಲೆ ಇದೆ. ಗೊತ್ತಿದ್ದು ಕೊಟ್ಟರೆ ಅದು ತಪ್ಪಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಹೊಸ ಕಾರಿನ ಮಾತು ಒಂದು ವರ್ಷ ಬೇಡ. ಇರುವ ಕಾರಿನ ಜೋರಿನ ಇಳಿತ ಆಗಲೇ ಮುಗಿದಿದೆ, ಇನ್ನು ಎಷ್ಟು ವರ್ಷ ಇಟ್ಟುಕೊಂಡರೆ ಅಷ್ಟು ಲಾಭ. ಪೆಟ್ರೋಲ್ ದಾರಿಯಲ್ಲೇ ಸಿಗುವ ಬಂಕಿನಲ್ಲಿ ಹಾಕಿಸಿ. ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿ, ಹೆದ್ದಾರಿಯಲ್ಲಿ ವೇಗ ಸ್ವಲ್ಪ ಇಳಿಸಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅಲ್ಲಿ ಉಳಿಯುವುದು ನಿಜವಾದ ಉಳಿತಾಯ. ವಿಮೆ ನವೀಕರಿಸುವ ಮೊದಲು ಎರಡು ಮೂರು ಕಡೆ ವಿಚಾರಿಸಿ.

ಬೆಳಿಗ್ಗೆ ರೇಟು ನೋಡುವುದನ್ನು ಬಿಡಿ ಎಂದೂ ಕೇಳಿಕೊಂಡೆ. ಅದು ನಮ್ಮ ಕೈಯಲ್ಲಿಲ್ಲ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ತನಕ ಹೋಗಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಸೊನ್ನೆಗಿಂತ ಕೆಳಗೆ ಇಳಿಯಿತು. ಆ ದಿನವೂ ಯಾವ ಬಂಕಿನಲ್ಲೂ ಪುಕ್ಕಟೆ ಸಿಗಲಿಲ್ಲ. ಶುದ್ಧೀಕರಣ, ಸಾಗಣೆ, ತೆರಿಗೆ ಎಲ್ಲ ಇದ್ದೇ ಇರುತ್ತದಲ್ವಾ. ವಾರಕ್ಕೆ ಇಪ್ಪತ್ತು ನಿಮಿಷ ಇಬ್ಬರೂ ಕೂತು ದುಡ್ಡಿನ ಮಾತಾಡಿ, ಊಟದ ಹೊತ್ತಿಗೆ ಬೇಡ.

ದಿಗಿಲಿಗೆ ಬೇರೆ ಕೆಲಸ ಕೊಟ್ಟೆ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಏನು ಮಾಡಬೇಕು ಎಂದು ಒಂದು ಹಾಳೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಆಂಬುಲೆನ್ಸ್ ನಂಬರ್, ಬಾಡಿಗೆ ಗಾಡಿಯ ನಂಬರ್, ನೆರೆಯ ಎರಡು ಮನೆಯವರ ನಂಬರ್. ಆ ಎರಡು ಮನೆಗೆ ಹಗಲಲ್ಲೇ ಹೋಗಿ ಕೇಳಿ ಬನ್ನಿ ಎಂದೆ. ಇದಕ್ಕೆ ಅವರು ಒಪ್ಪಲು ಎರಡು ಭೇಟಿ ಹಿಡಿಯಿತು. ಅರ್ಧ ಟ್ಯಾಂಕಿನ ಅಭ್ಯಾಸವನ್ನು ಮಾತ್ರ ಬಿಡಿಸಲಿಲ್ಲ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಎಲ್ಲೂ ಹೋಗುವುದಿಲ್ಲ, ಇರಲಿ ಎಂದೆ.

ಐದು ತಿಂಗಳ ಮೇಲೆ ಬಂದರು. ಕಾರು ಅದೇ. ವಿಮೆಯ ವಿಷಯಕ್ಕೆ ಒಂದು ಸಲ ಜಗಳವಾಗಿತ್ತು, ಅವತ್ತೇ ಮುಗಿದಿತ್ತು. ಪುಟ್ಟ ಪುಸ್ತಕದಲ್ಲಿ ಈಗ ಆಕೆಯ ಕೈಬರಹದಲ್ಲೂ ಒಂದು ಕಾಲಮ್ ಇದೆ.

ನಡುವೆ ಒಂದು ರಾತ್ರಿ ದೊಡ್ಡ ಮಗನಿಗೆ ಜ್ವರ ಏರಿತ್ತು. ಕಾರಿದ್ದದ್ದು ಒಳ್ಳೇದಾಯ್ತು ಎಂದು ಆಕೆಯೇ ಹೇಳಿದರು. ಚಿಕ್ಕವಳು ಮಲಗಿದ್ದಳು, ಅವಳ ಜೊತೆ ಯಾರಾದರೂ ಬೇಕಿತ್ತು. ಇವರು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು. ಕೈ ನಡುಗುತ್ತಿತ್ತು ಎಂದರು. ಒಳಗೆ ದೀಪ ಹತ್ತಿತು. ಆಮೇಲೆ ಚಿಲಕ ತೆಗೆಯುವ ಸದ್ದು ಕೇಳಿಸಿತು.