ಅವ್ವನ ಕಾಲು ಮೂರನೇ ಪುಟದವರೆಗೆ ಕಾಯಬಾರದು

ಯಾದಗಿರಿಯ ತಂಗಿಗೆ,

ಶರಣು. ಕಂಪ್ಯೂಟರ್ ನೆರವಿನಿಂದ ಅವ್ವನ ಮೊಣಕಾಲು ಬದಲಿಸಿದ ಬಗ್ಗೆ ನೀವು ಬರೆದ ‘ಕಂಪ್ಯೂಟರ್ ಮಾಡಿದ ಪವಾಡ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ನಮ್ಮ ಪುರವಣಿಗೆ ತೆಗೆದುಕೊಳ್ಳಲಾರೆ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಕಾರಣ, ಮೂರನೇ ಪುಟದ ಈ ಸಾಲು: ‘ಅವ್ವ ಸಣ್ಣವಳಿದ್ದಾಗ ಚಕ್ಕಡಿಯಿಂದ ಬಿದ್ದು ತೊಡೆ ಮುರಿದಿತ್ತು. ಬಿದಿರು ದಬ್ಬೆ ಇಟ್ಟು ಕಟ್ಟಿದ್ದರು, ಎಲುಬು ಸೊಟ್ಟಗೇ ಕೂಡಿಕೊಂಡಿತು.’ ಇಷ್ಟು ಹೇಳಿ, ಮುಂದಿನ ಸಾಲಿಗೇ ‘ಆಧುನಿಕ ತಂತ್ರಜ್ಞಾನದ ವರದಾನ’ಕ್ಕೆ ಹಾರಿಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದು ಆ ಚಕ್ಕಡಿಯಿಂದ.

ಯಾಕೆಂದು ಹೇಳುತ್ತೇನೆ. ಮೊಣಕಾಲು ಬದಲಿಸುವ ಮಾಮೂಲಿ ಆಪರೇಷನ್ನಿನಲ್ಲಿ ತೊಡೆ ಎಲುಬಿನ ಕೆಳತುದಿಗೆ ತೂತು ಹಾಕಿ, ಒಳಗಿನ ಮಜ್ಜೆಯ ಕೊಳವೆಗೆ ಉದ್ದ ಸಲಾಕೆ ತೂರಿಸುತ್ತಾರೆ. ಎಲುಬನ್ನು ಯಾವ ಕೋನಕ್ಕೆ ಕೊಯ್ಯಬೇಕೆಂಬ ಲೆಕ್ಕ ಆ ಸಲಾಕೆಯಿಂದಲೇ, ಸಾಮಾನ್ಯವಾಗಿ 5ರಿಂದ 7 ಡಿಗ್ರಿ. ಎಲುಬೇ ಬಾಗಿದ್ದರೆ ಸಲಾಕೆ ಒಳಗೆ ಹೋಗುವುದಿಲ್ಲ; ಹೋದರೂ ತಪ್ಪು ದಿಕ್ಕು ತೋರಿಸುತ್ತದೆ. ಅವ್ವನಿಗೆ ಕಂಪ್ಯೂಟರ್ ಬೇಕಾದದ್ದು ಇದಕ್ಕೇ. ಆ ಕಾರಣ ನಿಮ್ಮ ಆರು ಪುಟಗಳಲ್ಲಿ ಎಲ್ಲೂ ಇಲ್ಲ.

‘ಕಂಪ್ಯೂಟರ್ ಆಪರೇಷನ್ ಮಾಡಿತು’ ಎಂದು ಬರೆದಿದ್ದೀರಿ. ನೀವು ವಿವರಿಸಿದ ವಿಧಾನದಲ್ಲಿ ಗರಗಸ ಹಿಡಿಯುವವರು ಡಾಕ್ಟರೇ. ಮೊಣಕಾಲಿನ ಮೇಲಿನ, ಕೆಳಗಿನ ಎಲುಬುಗಳಿಗೆ ಪಿನ್ನು ಹಾಕಿ ಗುರುತುಗಳನ್ನು ಕೂರಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಅವನ್ನು ನೋಡುತ್ತಿರುತ್ತದೆ. ಕಾಲನ್ನು ಸೊಂಟದ ಕೀಲಿನಲ್ಲಿ ಸುತ್ತಿಸಿದರೆ ಆ ಕೀಲಿನ ನಡುಬಿಂದು ಕಂಪ್ಯೂಟರಿಗೆ ಸಿಗುತ್ತದೆ. ಪಾದದ ಮೇಲಿನ ಹರಡಿನ ಎರಡೂ ಬದಿ ಮುಟ್ಟಿ ತೋರಿಸಿದರೆ ಇನ್ನೊಂದು ತುದಿ. ನಡುವೆ ಎಲುಬು ಎಷ್ಟೇ ಸೊಟ್ಟಗಿರಲಿ, ಮೈಭಾರ ಇಳಿಯುವ ಗೆರೆ ಪರದೆಯ ಮೇಲೆ ಮೂಡುತ್ತದೆ, ಕೊಯ್ತ ಅದಕ್ಕೆ ಲಂಬವಾಗಿ. ನಮ್ಮ ಗೌಂಡಿಗಳು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆ ನೋಡುವುದಿಲ್ಲವೇ, ಹಾಗೆ. ಈ ಹೋಲಿಕೆ ಬೇಕಾದರೆ ಇಟ್ಟುಕೊಳ್ಳಿ. ‘ವಿಜ್ಞಾನದ ಅದ್ಭುತ’ವನ್ನು ಹೊಡೆದುಹಾಕಿ.

ಇನ್ನೊಂದು ಕಡೆ ನನಗೆ ಗಾಬರಿಯೇ ಆಯಿತು. ‘ಮೊಣಕಾಲು ನೋವಿನವರೆಲ್ಲ ಕಂಪ್ಯೂಟರ್ ಆಪರೇಷನ್ನನ್ನೇ ಕೇಳಿ ಮಾಡಿಸಿಕೊಳ್ಳಲಿ’ ಎಂದಿದ್ದೀರಿ. ತೊಗರಿ ಮಾರಿದ ದುಡ್ಡನ್ನು ಆಸ್ಪತ್ರೆಗೆ ಕಟ್ಟುವವರು ನಮ್ಮ ಓದುಗರಲ್ಲಿದ್ದಾರೆ. ಎಲುಬು ನೆಟ್ಟಗಿರುವವರಿಗೆ ಇದರಿಂದ ಕೋನ ಹೆಚ್ಚು ನಿಖರವಾದರೂ, ನೋವಿನಲ್ಲಿ ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹೊತ್ತು ಜಾಸ್ತಿ ಹಿಡಿಯುತ್ತದೆ. ಅಪರೂಪಕ್ಕೆ ಪಿನ್ನು ಹಾಕಿದಲ್ಲೇ ಎಲುಬು ಮುರಿದದ್ದೂ ಉಂಟು. ಸೊಟ್ಟ ಎಲುಬಿನವರಿಗೂ ಇದೊಂದೇ ಸಾಲದೆ ಹೋಗಬಹುದು. ಡೊಂಕು ಮೊಣಕಾಲಿಗೆ ಹತ್ತಿರವಿದ್ದಷ್ಟೂ ತೊಡಕು ಹೆಚ್ಚು. ಎಲುಬುಗಳನ್ನು ಒಂದಕ್ಕೊಂದು ಹಿಡಿದಿಡುವ ಪಕ್ಕದ ಅಸ್ಥಿರಜ್ಜು ಅಂಟಿರುವ ಜಾಗಕ್ಕೇ ಕೊಯ್ತ ಬರುವಂತಿದ್ದರೆ ಎಲುಬನ್ನೇ ಕತ್ತರಿಸಿ ನೆಟ್ಟಗೆ ಮಾಡಬೇಕಾಗುತ್ತದೆ. ಇದನ್ನೆಲ್ಲ ಅಳೆಯಲು ಸೊಂಟದಿಂದ ಪಾದದವರೆಗೆ, ನಿಲ್ಲಿಸಿಯೇ ಉದ್ದ ಎಕ್ಸ್‌ರೇ ತೆಗೆಯುತ್ತಾರೆ. ಅವ್ವನದು ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ, ಕಂಡದ್ದನ್ನು ಬರೆಯಿರಿ.

ಐದನೇ ಪುಟದಲ್ಲಿ ಅವ್ವ ‘ನಾನು ಅತೀವ ಸಂತಸಗೊಂಡಿದ್ದೇನೆ’ ಎನ್ನುತ್ತಾರೆ. ನಮ್ಮ ಕಡೆ ಯಾವ ಅವ್ವನೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರು ಆಡಿದ್ದನ್ನು ಆಡಿದ ಹಾಗೆಯೇ ಇಡಿ.

ಆ ದಬ್ಬೆ ಕಟ್ಟಿದವರು ಯಾರು, ಅವ್ವ ಎಷ್ಟು ದಿನ ಮಲಗಿದ್ದರು, ಆ ಕಾಲಿನಲ್ಲೇ ಎಷ್ಟು ವರ್ಷ ಹೊಲಕ್ಕೆ ನಡೆದರು, ಪಕ್ಕದಲ್ಲಿ ಕೂತು ಕೇಳಿಕೊಳ್ಳಿ. ರಾಶಿ ಮುಗಿದ ಮೇಲೆ ಕಳಿಸಿದರೂ ಸರಿ, ಜಾಗ ಇಟ್ಟಿರುತ್ತೇನೆ.

ನಿಮ್ಮ
ಸಂಪಾದಕ, ಕಲಬುರಗಿ