ಕೈಗಾ ಇದ್ರೂ ಭಾರತದಲ್ಲಿ ಅಣು ಕರೆಂಟ್ ಇಷ್ಟು ಕಮ್ಮಿ ಯಾಕೆ, ಫ್ರಾನ್ಸಲ್ಲಿ ಯಾಕಷ್ಟು ಜಾಸ್ತಿ?

ಫ್ರಾನ್ಸಲ್ಲಿ ಮೂರರಲ್ಲಿ ಎರಡು ಪಾಲು ಕರೆಂಟು ಅಣುವಿಂದಾನೇ ಬರೋದು, ನಮ್ದು ಬರೀ ಶೇ. 3ರ ಆಸುಪಾಸು. ಅವ್ರ ಹತ್ರ ಎಣ್ಣೆ ಇಲ್ಲ, ಕಲ್ಲಿದ್ದಲೂ ಅಷ್ಟಕ್ಕಷ್ಟೇ, 1973ರಲ್ಲಿ ಎಣ್ಣೆ ರೇಟು ಏರಿದ್ದೇ ತಡ ಸಾಲಾಗಿ ರಿಯಾಕ್ಟರ್ ಕಟ್ಟಿಬಿಟ್ರು. ನಮ್ಗೆ ಕಲ್ಲಿದ್ದಲು ಕೈಗೆ ಸಿಗ್ತಿತ್ತು, ಮೇಲಿಂದ 1974ರ ಪೋಖ್ರಾನ್ ಪರೀಕ್ಷೆ ಆದ್ಮೇಲೆ ಹೊರಗಿನ ಟೆಕ್ನಾಲಜಿ, ಯುರೇನಿಯಂ ಎರಡೂ ಹೆಚ್ಚುಕಮ್ಮಿ ಬಂದ್, 2008ರವರೆಗೆ ಹಾಗೇ ಎಳೀತು. ಜರ್ಮನಿ ಉಲ್ಟಾ, 2023ರ ಏಪ್ರಿಲ್‌ನಲ್ಲಿ ಉಳಿದ ಮೂರನ್ನೂ ಮುಚ್ಚಿತು.

ಆದ್ರೆ ಕೈಗಾನ ಸಣ್ದು ಅನ್ಬೇಡಿ ಮಾರಾಯ್ರೆ. 220 ಮೆಗಾವ್ಯಾಟಿನ ನಾಲ್ಕು ಘಟಕ, ತಂಪು ಮಾಡೋಕೆ ಕದ್ರಾ ಡ್ಯಾಮಿನ ಕಾಳಿ ನೀರು. ಒಂದನೇ ಘಟಕ 2018ರ ಕೊನೆಗೆ ನಿಂತಾಗ 962 ದಿನ ಒಂದೇ ಸಮ ಓಡಿತ್ತು, ಆಗ ಅದು ವಿಶ್ವದಾಖಲೆ, ಆಮೇಲೆ ಕೆನಡಾದ್ದು ಮುರೀತು. ಎರಡೂ ಭಾರಜಲದ ರಿಯಾಕ್ಟರೇ, ಓಡ್ತಾ ಇರೋವಾಗ್ಲೇ ಇಂಧನ ಬದಲಾಯಿಸ್ಬಹುದು, ಅದಕ್ಕೇ ಅಷ್ಟು ದಿನ ನಿಲ್ಲಿಸೋದೇ ಬೇಡ.

ಹಂಗಾದ್ರೆ ಕಾರವಾರದಲ್ಲಿ ಮಳೆಗಾಲ ಬಂತಂದ್ರೆ ಕರೆಂಟ್ ಯಾಕೆ ಹೋಗತ್ತೆ ಅಂತೀರಾ? ಕೈಗಾದ್ದು ಗ್ರಿಡ್ಡಿಗೆ ಹೋಗತ್ತೆ, ನಮ್ಮನೆ ಲೈನ್ ಮೇಲೆ ಬೀಳೋದು ಅಕೇಶಿಯಾ ಕೊಂಬೆ.