ಮಾರ್ಚ್ ಕೊನೆಯ ಗುಲ್ಮಾರ್ಗ್, ಮಳೆಯ ಮುನ್ಸೂಚನೆ: ಸ್ಕೀಯಿಂಗ್‌ಗೆ ಹೋಗುವುದೇ, ರದ್ದು ಮಾಡುವುದೇ?

ರದ್ದು ಮಾಡಬೇಡಿ. ಮುಂಬೈಯ ಮುಲುಂಡ್‌ನಿಂದ ಹೊರಡುವವರು ನೀವು, ನಾಲ್ಕು ದಿನದ ರಜೆ, ಎರಡು ವರ್ಷದ ಹಿಂದೆ ಒಂದು ವಾರ ಕಲಿತ ಸ್ಕೀಯಿಂಗ್, ಈಗ ಮೊದಲ ಮೂರು ದಿನವೂ ಮಳೆ ಮತ್ತು ಮೋಡ ಎಂಬ ಮುನ್ಸೂಚನೆ. ಪುಣೆಯ ಕೋಥ್ರೂಡ್‌ನಿಂದ ನಾನೂ ಇಂಥದೇ ಮುನ್ಸೂಚನೆಯ ಮೇಲೆ ಹೋಗಿದ್ದೆ. ಮೊದಲೆರಡು ದಿನ ಸಲ್ಲದ ಜಾಗದಲ್ಲಿ, ಸಲ್ಲದ ಹೊತ್ತಿನಲ್ಲಿ ಇಳಿದು ಕಳೆದುಕೊಂಡೆ. ನಿಮಗೆ ಹಾಗಾಗಬಾರದೆಂದೇ ಬರೆಯುತ್ತಿದ್ದೇನೆ.

ಮೊದಲು ಆ ಮುನ್ಸೂಚನೆ ಎಷ್ಟು ಎತ್ತರದ್ದು ಎಂದು ನೋಡಿ. ಗುಲ್ಮಾರ್ಗ್‌ನ ಹುಲ್ಲುಗಾವಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ, ಅಂದರೆ ಬೆಟ್ಟಕ್ಕೆ ಒಯ್ಯುವ ಕೇಬಲ್ ಕಾರ್‌ನ, ಮೊದಲ ಹಂತ ಮುಗಿಯುವ ಕೊಂಗ್‌ಡೂರಿ ಸುಮಾರು 3,100, ಎರಡನೆಯ ಹಂತ ಮುಗಿಯುವ ಅಫರ್ವತ್ ಬೆಟ್ಟದ ಭುಜ 3,950ರ ಆಸುಪಾಸು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿಯುತ್ತದೆ. ಕೆಳಗೆ ಮೂರು ಡಿಗ್ರಿಯಲ್ಲಿ ಮಳೆ ಹನಿಯುತ್ತಿದ್ದರೆ ಮೇಲೆ ಅದೇ ಮೋಡ ಹಿಮ ಸುರಿಸುತ್ತಿರುತ್ತದೆ.

ಹಾಗೆಂದು ಮೇಲಕ್ಕೆ ಓಡಬೇಡಿ. ಅಲ್ಲಿ ಮರಗಳಿಲ್ಲ, ಮತ್ತು ಮಂಜು ಕವಿದಾಗ ಮರವಿಲ್ಲದ ಹಿಮ ಎಂದರೇನು ಎಂಬುದು ನಮ್ಮ ಕಡೆಯವರಿಗೆ ಊಹೆಗೆ ನಿಲುಕುವುದಿಲ್ಲ. ಆಷಾಢದಲ್ಲಿ ಸಿಂಹಗಡ ಹತ್ತಿದ ನನಗೆ ಮಂಜು ಹೊಸದಲ್ಲ ಎಂದುಕೊಂಡಿದ್ದೆ. ಆದರೆ ಸಹ್ಯಾದ್ರಿಯ ಮಂಜಿನಲ್ಲಿ ಕಲ್ಲು ಕಪ್ಪಾಗಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಹತ್ತು ಹೆಜ್ಜೆಯಷ್ಟೇ ಕಂಡರೂ ಕಣ್ಣಿಗೆ ಹಿಡಿತ ಸಿಗುತ್ತದೆ. ಹಿಮದ ಮೇಲೆ ನೆಲವೂ ಬಿಳಿ, ಮುಗಿಲೂ ಬಿಳಿ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಉಬ್ಬು ಯಾವುದು, ತಗ್ಗು ಯಾವುದು ತಿಳಿಯದು. ಕೊಂಗ್‌ಡೂರಿಯ ಬಯಲಿನಲ್ಲಿ ಮೊದಲ ದಿನ ನಾನು ನಿಂತೇ ಬಿಟ್ಟೆ ಎಂದುಕೊಂಡಿದ್ದೆ, ಸ್ಕೀ ಮಾತ್ರ ಇನ್ನೂ ಜಾರುತ್ತಿತ್ತು. ಬಿದ್ದ ಮೇಲೆಯೇ ಗೊತ್ತಾದದ್ದು. ಕಣ್ಣು ಏನೂ ಹೇಳದಿದ್ದಾಗ ಒಳಗಿವಿಯೊಂದೇ ಸಮತೋಲ ಕಾಯಬೇಕು, ಅದು ಸಾಲದೆ ತಲೆ ಸುತ್ತಿ ವಾಕರಿಕೆ ಬರುತ್ತದೆ.

ಇದಕ್ಕೆ ಮದ್ದು ಮರಗಳು. ಪೈನ್ ಮತ್ತು ಫರ್ ಮರಗಳ ಅಂಚಿನಲ್ಲಿರುವ ಇಳಿಜಾರನ್ನೇ ಆರಿಸಿ. ಆ ಕಡುಹಸಿರಿನ ಪಕ್ಕದಲ್ಲಿ ಹಿಮಕ್ಕೆ ಮತ್ತೆ ಆಕಾರ ಬರುತ್ತದೆ. ಬುಡಕ್ಕೆ ತೀರ ಹತ್ತಿರ ಹೋಗಬೇಡಿ, ವಸಂತದಲ್ಲಿ ಕಾಂಡದ ಸುತ್ತ ಹಿಮ ಕರಗಿ ಗುಳಿಯಾಗಿರುತ್ತದೆ. ಗಾಢ ಬಣ್ಣದ ಅಂಗಿ ತೊಟ್ಟ ತರಬೇತುದಾರರನ್ನು ಮುಂದೆ ಬಿಟ್ಟುಕೊಂಡು ಅವರ ಜಾಡಿನಲ್ಲಿಯೇ ಇಳಿಯಿರಿ. ಅವರು ಎಲ್ಲಿ ಏರಿಳಿದರೆಂದು ನೋಡಿದರೆ ನೆಲ ತಿಳಿಯುತ್ತದೆ. ಗಾಗಲ್ಸ್‌ಗೆ ಹಳದಿ ಅಥವಾ ಗುಲಾಬಿ ಗಾಜು ಬೇಕು. ಎಸ್1 ಗುರುತಿನ ಗಾಜು ಶೇ 43ರಿಂದ 80ರಷ್ಟು ಬೆಳಕು ಬಿಡುತ್ತದೆ, ಬಿಸಿಲಿನ ಎಸ್3 ಗಾಜು ಬಿಡುವುದು ಶೇ 8ರಿಂದ 18 ಮಾತ್ರ. ಒಳಬದಿಯನ್ನು ಒರೆಸಬೇಡಿ, ಹಣೆಯ ಮೇಲಕ್ಕೂ ಏರಿಸಬೇಡಿ. ಬೆವರಿನ ಹಬೆ ಕೂತರೆ ಆ ದಿನವಿಡೀ ಹೋಗುವುದಿಲ್ಲ.

ಇನ್ನು ನೆಂದ ಹಿಮ. ಆಕಾಶ ತಿಳಿಯಾಗಿರುವ ರಾತ್ರಿಯಲ್ಲಿ ಹಿಮದ ಶಾಖ ಮೇಲಕ್ಕೆ ಹೋಗಿಬಿಡುತ್ತದೆ, ಮೇಲ್ಪದರ ಗಟ್ಟಿಯಾಗುತ್ತದೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಅದು ಹದವಾಗಿ ಸಡಿಲುತ್ತದೆ. ವಸಂತದ ಸ್ಕೀಯಿಂಗ್‌ನ ಸುಖವೆಲ್ಲ ಆ ಒಂದೆರಡು ಗಂಟೆಯಲ್ಲಿದೆ. ಮೋಡ ಕವಿದ ರಾತ್ರಿ ಕಂಬಳಿ ಹೊದ್ದಂತೆ. ಹಿಮ ಗಟ್ಟಿಯಾಗುವುದೇ ಇಲ್ಲ, ಬೆಳಿಗ್ಗೆಯೇ ರವೆಗಂಜಿ. ಆದ್ದರಿಂದ ಮಲಗುವ ಮುನ್ನ ಹೊರಗೆ ಬಂದು ನಕ್ಷತ್ರ ಕಾಣುತ್ತಿವೆಯೇ ನೋಡಿ. ಕಾಣದಿದ್ದರೆ ನಾಳೆ ಗಂಜಿಯ ದಿನ. ಸ್ಕೀಯ ಅಡಿಯಲ್ಲಿ ನೀರಿನ ಪೊರೆ ಅಂಟಿ ಹಿಡಿದು ಥಟ್ಟನೆ ಬ್ರೇಕ್ ಹಾಕಿದಂತಾಗುತ್ತದೆ, ಮುಗ್ಗರಿಸುತ್ತೀರಿ. ಬಾಡಿಗೆಗೆ ಕೊಡುವವರಲ್ಲಿ ಬೆಚ್ಚನೆಯ ಹವೆಗೆ ಹಚ್ಚುವ ಮೇಣ ಕೇಳಿ ಹಚ್ಚಿಸಿಕೊಳ್ಳಿ. ಎರಡೂ ಕಾಲಿನ ಮೇಲೆ ಭಾರ ಸಮನಾಗಿರಲಿ, ತಿರುವುಗಳು ಅಗಲವಾಗಿರಲಿ.

ಹತ್ತಿಯ ಬಟ್ಟೆ ಮೈಗೆ ತಾಗಲೇಬಾರದು. ಕೈಗವಸು ಎರಡು ಜೊತೆ ಬೇಕು. ಬಾಡಿಗೆಯ ಜಾಕೆಟ್ ನಂಬಬೇಡಿ. ನನ್ನದು ಒಂದು ಗಂಟೆಯಲ್ಲಿ ಒಳಗಿನವರೆಗೆ ನೆನೆದಿತ್ತು.

ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಮದ ಮೇಲೆ ಮಳೆ ಬಿದ್ದರೆ ಭಾರವೂ ಹೆಚ್ಚುತ್ತದೆ, ಕಣಗಳ ಬಂಧವೂ ಸಡಿಲವಾಗುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರುಗಳು ಆಗಲೇ ಕುಸಿಯುವುದು. ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದರೆ ಆ ಇಳಿಜಾರಿನ ಕೆಳಗೂ ನಿಲ್ಲಬೇಡಿ. ಮಳೆ ನಿಂತ ಮೇಲಿನ ಮೊದಲ ಬಿಸಿಲು ಇನ್ನಷ್ಟು ಅಪಾಯದ್ದು, ಏಕೆಂದರೆ ಮೇಲೆ ಬಿದ್ದ ಹೊಸ ಹಿಮ ಆ ಬಿಸಿಲಿಗೆ ಒಮ್ಮೆಲೇ ನೆನೆಯುತ್ತದೆ.

ನಿಮ್ಮ ನಾಲ್ಕನೆಯ ದಿನ ಅಂಥದೇ ಆಗಬಹುದು. ಗಾಳಿ ತಗ್ಗಿ ಎರಡನೆಯ ಹಂತ ತೆರೆದರೆ ಅಫರ್ವತ್‌ಗೆ ಹೋಗಿ ಕಣ್ತುಂಬ ನೋಡಿ, ಗೊಂಡೊಲಾದಲ್ಲಿಯೇ ಕೆಳಗಿಳಿಯಿರಿ. ಒಂದು ವಾರ ಕಲಿತವರು ಸ್ಕೀ ಮೇಲೆ ಇಳಿಯುವ ಬೆಟ್ಟ ಅದಲ್ಲ. ಹಿಂದಿನ ರಾತ್ರಿ ನಕ್ಷತ್ರ ಕಂಡಿದ್ದರೆ ಬೆಟ್ಟ ನೋಡುವುದನ್ನು ಮಧ್ಯಾಹ್ನಕ್ಕಿಟ್ಟು, ಹತ್ತು ಗಂಟೆಗೆ ಕೆಳಗಿನ ಹುಲ್ಲುಗಾವಲಿನ ಇಳಿಜಾರಿನಲ್ಲಿರಿ.